ಅಮ್ಮನ ಮಾತ್ರೆಗಳು ಮತ್ತು ಜರ್ಮನಿಯ ಔಷಧಾಲಯ: ನನ್ನ ಅನುಭವ

ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ಅಮ್ಮ, ನಾನು ಕೆಲಸದಲ್ಲಿರುವ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬರುವುದು ನಿಶ್ಚಯವಾದ ಕೂಡಲೇ ನಾನು ಮಾಡಿಸಿದ ಮೊದಲ ಕೆಲಸವೆಂದರೆ, ಮೈಸೂರಿನ ಅವರ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿದ್ದು. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಕಾಯಿಲೆಯ ವಿವರ, ಪ್ರತಿ ಮಾತ್ರೆಯ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಬಾರಿ ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಕಂಪನಿಗಳಿಟ್ಟ ಹೆಸರುಗಳು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಎಂದರೆ ಯಾವ ಊರಿನಲ್ಲಾದರೂ ತಿಳಿಯುತ್ತದೆ. ಆ ಒಂದು ಹಾಳೆಯಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಪ್ರಯಾಣಿಕರು ತಮ್ಮ ಸ್ವಂತ ಬಳಕೆಗೆ ಬೇಕಾದಷ್ಟು ಔಷಧಿಯನ್ನು ಜರ್ಮನಿಗೆ ಜೊತೆಯಲ್ಲಿ ತರಬಹುದು. ಆದರೆ ಆಮೇಲೆ ಊರಿನಿಂದ ಅಂಚೆಯಲ್ಲಿ ತರಿಸಿಕೊಳ್ಳಲು ಕಾನೂನಿನ ಅಡ್ಡಿಯಿದೆ. ಆದ್ದರಿಂದ ಇಡೀ ವಾಸ್ತವ್ಯಕ್ಕೆ ಸಾಕಾಗುವಷ್ಟು ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಿಂದ ಬಿಡಿಸದೆ, ಪತ್ರದೊಂದಿಗೆ ಕೈಚೀಲದಲ್ಲಿಯೇ ಇರಿಸಿಕೊಳ್ಳುವಂತೆ ಅಮ್ಮನಿಗೆ ಹೇಳಿದ್ದೆ. ಜರ್ಮನಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣದ ಆರೋಗ್ಯ ವಿಮೆ ಕಡ್ಡಾಯ. ಮೊತ್ತಕ್ಕಿಂತ ಹೆಚ್ಚು ಗಮನಿಸಿ ಓದಬೇಕಾದದ್ದು, ಮೊದಲೇ ಇರುವ ಕಾಯಿಲೆಗೆ ಅದು ಹಣ ಕೊಡುತ್ತದೆಯೇ ಎಂಬ ಷರತ್ತನ್ನು.

ಕೆಲವು ವಾರಗಳ ನಂತರ ಅಮ್ಮನ ರಕ್ತದೊತ್ತಡ ಏರತೊಡಗಿದಾಗ ನಮ್ಮ ಕುಟುಂಬ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಸಮಯ ಗೊತ್ತುಪಡಿಸಿಕೊಳ್ಳುವಾಗಲೇ, ಶುಲ್ಕವನ್ನು ನಾವೇ ಕೊಡುತ್ತೇವೆಂದು ತಿಳಿಸಿದ್ದರಿಂದ ಗೊಂದಲವಾಗಲಿಲ್ಲ. ಭಾರತದ ಔಷಧ ಚೀಟಿಗೆ ಅಲ್ಲಿನ ಔಷಧಾಲಯದಲ್ಲಿ ಮಾನ್ಯತೆಯಿಲ್ಲ. ವೈದ್ಯರು ಮೈಸೂರಿನ ಪತ್ರ ನೋಡಿ, ಪ್ರಮಾಣವನ್ನು ಬದಲಿಸಿ, ಹೊಸ ಚೀಟಿ ಬರೆದುಕೊಟ್ಟರು. ಸರ್ಕಾರಿ ವಿಮೆಯಲ್ಲಿರುವ ನನಗಾದರೆ 2024ರ ಜನವರಿಯಿಂದ ಬಹುತೇಕ ಚೀಟಿಗಳು ವಿದ್ಯುನ್ಮಾನ ರೂಪದಲ್ಲಿಯೇ ಇರುತ್ತವೆ. ವಿಮಾ ಕಾರ್ಡನ್ನು ಔಷಧಾಲಯದ ಯಂತ್ರದಲ್ಲಿಟ್ಟರೆ ಸಾಕು, ಸಾಮಾನ್ಯವಾಗಿ ಒಂದು ಔಷಧಿಗೆ 5ರಿಂದ 10 ಯೂರೋ ನನ್ನ ಪಾಲು. ಅಮ್ಮನಿಗೆ ಸಿಕ್ಕಿದ್ದು ಕಾಗದದ ಖಾಸಗಿ ಚೀಟಿ, ಹಾಗಾಗಿ ಪೂರ್ತಿ ಬೆಲೆಯನ್ನು ನಾವೇ ತೆತ್ತೆವು. ಬೇಕಾದ ಮಾತ್ರೆ ಅಂಗಡಿಯಲ್ಲಿರಲಿಲ್ಲ. ಬೆಳಿಗ್ಗೆ ಹೇಳಿದ್ದನ್ನು ಸಂಜೆಗೆ ತರಿಸಿಕೊಟ್ಟರು. ಅಷ್ಟೇ ಅಲ್ಲ, ಔಷಧಾಲಯದ ಆ ಮಹಿಳೆ ಅಮ್ಮ ತೆಗೆದುಕೊಳ್ಳುವ ಉಳಿದ ಮಾತ್ರೆಗಳ ಪಟ್ಟಿಯನ್ನೂ ಕೇಳಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರಿಶೀಲಿಸಿದರು. ಈ ಕಾಳಜಿಯನ್ನು ನಾನು ಬಹಳ ಗೌರವಿಸುತ್ತೇನೆ.

ಜ್ವರದ ಪ್ಯಾರಾಸಿಟಮಾಲ್ ಕೂಡ ಅಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಂಪು ‘ಎ’ ಅಕ್ಷರದ ಫಲಕವಿರುವ ಔಷಧಾಲಯಕ್ಕೇ ಹೋಗಬೇಕು. 500 ಮಿಲಿಗ್ರಾಂನ 20 ಮಾತ್ರೆಗಳಿಗಿಂತ ದೊಡ್ಡ ಡಬ್ಬಿಗೆ ವೈದ್ಯರ ಚೀಟಿ ಬೇಕು. ಭಾನುವಾರ ಔಷಧಾಲಯಗಳು ಮುಚ್ಚಿರುತ್ತವೆಯಾದರೂ ಸರದಿಯ ಮೇಲೆ ಒಂದಾದರೂ ತೆರೆದಿರುತ್ತದೆ, ಅದು ಯಾವುದೆಂಬುದನ್ನು ಉಳಿದವುಗಳ ಬಾಗಿಲಿನಲ್ಲಿ ತಿಳಿಸಿರುತ್ತಾರೆ. ವೈದ್ಯರ ಕೆಲಸದ ಅವಧಿ ಮುಗಿದ ಮೇಲೆ, ತುರ್ತಾದರೂ ಪ್ರಾಣಾಪಾಯವಲ್ಲದ ತೊಂದರೆಗೆ 116117 ಸಂಖ್ಯೆಗೆ, ಎದೆನೋವಿನಂತಹ ಅಪಾಯಕ್ಕೆ 112ಕ್ಕೆ ಕರೆ ಮಾಡಬೇಕು. ನಾನು ಕಚೇರಿಗೆ ಹೋದಾಗ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಿದ್ದುದರಿಂದ ಈ ಎರಡು ಸಂಖ್ಯೆಗಳನ್ನೂ ಮನೆಯ ವಿಳಾಸವನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಫೋನಿನ ಪಕ್ಕದಲ್ಲಿ ಅಂಟಿಸಿದೆ. ವಿಳಾಸವನ್ನು ಜರ್ಮನರಿಗೆ ಅರ್ಥವಾಗುವಂತೆ ಉಚ್ಚರಿಸುವುದನ್ನು ಅಮ್ಮ ನನ್ನೆದುರಿಗೆ ಮತ್ತೆ ಮತ್ತೆ ಹೇಳಿ ರೂಢಿಸಿಕೊಂಡರು.