ಕುಂಡದಲ್ಲಿ ಪಾಲಕ್: ಬಿತ್ತನೆಯಿಂದ ನಾಲ್ಕನೇ ಕೊಯ್ಲಿನವರೆಗೆ

ಪಾಲಕ್ ಬೀಜವನ್ನು ಅಂಗೈಯಲ್ಲಿಟ್ಟು ನೋಡಿ: ಮೂಲೆಮೂಲೆಯಾದ, ಬೆಂಡಿನಂಥ ಒರಟು ಕಾಳು. ಅದು ಒಂಟಿ ಬೀಜವಲ್ಲ, ಎರಡು ಮೂರು ಬೀಜ ಅಂಟಿಕೊಂಡ ಗಂಟು. ನಮ್ಮ ಸಂತೆಯ ಪಾಲಕ್ ಬೀಟ್‌ರೂಟ್‌ನ ನೆಂಟ, ಚಳಿ ದೇಶಗಳ ಸ್ಪಿನಾಚ್ ಬೇರೆಯೇ ಗಿಡ. ಪ್ಯಾಕೆಟ್ ಕೊಳ್ಳುವಾಗ ಇದು ನೆನಪಿರಲಿ. ನಮ್ಮ ಹವೆಗೆ ಆಲ್ ಗ್ರೀನ್ ತಳಿ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ಅನುಪಮ ತಳಿ ಒಳ್ಳೆಯದು.

ಬೇರಿಗೆ 8 ಇಂಚು ಆಳ ಸಾಕು, ಅಗಲ ಮುಖ್ಯ. 2 ಅಡಿ ಉದ್ದ, 1 ಅಡಿ ಅಗಲದ ಗ್ರೋ ಬ್ಯಾಗ್‌ಗೆ (ಗಿಡ ಬೆಳೆಸುವ ಚೀಲ) ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ ತುಂಬಿ. ಗೊಬ್ಬರ ಹಸಿಯಾಗಿದ್ದರೆ ಎಳೆ ಬೇರು ಸುಡುತ್ತದೆ.

ಬೀಜವನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಚೆಲ್ಲಿ. ಬಣ್ಣ ಬಳಿದ ಬೀಜವಾದರೆ ಅದಕ್ಕೆ ಔಷಧಿ ಹಚ್ಚಿರುತ್ತಾರೆ. ನೆನೆಸದೆ ಒಣಗಿದ್ದ ಹಾಗೇ ಬಿತ್ತಿ, ಕೈ ತೊಳೆದುಕೊಳ್ಳಿ. ಒಂದೂವರೆ ಸೆಂಟಿಮೀಟರ್ ಆಳ, ಕಾಳಿಂದ ಕಾಳಿಗೆ ಎರಡು ಇಂಚು, ಸಾಲಿಂದ ಸಾಲಿಗೆ ನಾಲ್ಕೈದು ಇಂಚು. ವಾರದೊಳಗೆ ಮೊಳಕೆ ಕಾಣುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಗಂಟಿನಿಂದ ಎರಡು ಮೂರು ಸಸಿ ಎದ್ದಾಗ ಕೀಳಲು ಮನಸ್ಸು ಬರುವುದಿಲ್ಲ. ಆದರೆ ಬಿಟ್ಟರೆ ಒಂದೂ ಎಲೆ ಅಗಲವಾಗುವುದಿಲ್ಲ, ಗಾಳಿಯಾಡದೆ ಬುಡ ಕೊಳೆಯುತ್ತದೆ. ಮೊಳಕೆಯ ಮೊದಲ ಜೋಡಿ ಎಲೆಯ ನಂತರ ಎರಡು ನಿಜವಾದ ಎಲೆ ಬಂದ ಮೇಲೆ ಗಟ್ಟಿಮುಟ್ಟಾದ ಒಂದನ್ನು ಉಳಿಸಿ, ಉಳಿದವನ್ನು ಕತ್ತರಿಯಿಂದ ಕತ್ತರಿಸಿ. ಎಳೆದರೆ ಪಕ್ಕದ ಬೇರೂ ಅಲುಗಾಡುತ್ತದೆ. ಕತ್ತರಿಸಿದ ಎಳೆ ಸೊಪ್ಪು ತೊವ್ವೆಗೆ ಸೊಗಸು.

ನೀರು ಬೆಳಗ್ಗೆ, ಬುಡಕ್ಕೆ. ಸಂಜೆ ಎಲೆ ಮೇಲೆ ಚಿಮುಕಿಸಿದರೆ ರಾತ್ರಿಯಿಡೀ ಒದ್ದೆ ಉಳಿದು ಎಲೆಚುಕ್ಕೆ ರೋಗ ಬರುತ್ತದೆ: ಸಾಸಿವೆಗಿಂತ ಸ್ವಲ್ಪ ದೊಡ್ಡ ದುಂಡು ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕೆಂಗಂದು ಅಂಚು. ಆ ಎಲೆಗಳನ್ನು ಕಿತ್ತು ದೂರ ಎಸೆಯಿರಿ, ಕಾಂಪೋಸ್ಟ್‌ಗೆ ಹಾಕಬೇಡಿ. ಎಲೆಯಲ್ಲಿ ಬಿಳಿ ಅಂಕುಡೊಂಕು ಗೆರೆ ಕಂಡರೆ ಹುಳು ಎಲೆಯ ಪದರದೊಳಗೇ ಇದೆ. ಮೇಲೆ ಸಿಂಪಡಿಸುವುದಕ್ಕಿಂತ ಆ ಎಲೆಯನ್ನೇ ತೆಗೆಯುವುದು ಮೇಲು. ಎಲೆಯ ರಸ ಹೀರುವ ಸಸ್ಯಹೇನಿಗೆ ಮಾತ್ರ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಬೆರೆಸಿ ಎಲೆಯ ಅಡಿಭಾಗಕ್ಕೆ ಹೊಡೆಯಿರಿ.

30ರಿಂದ 35 ದಿನಕ್ಕೆ ಮೊದಲ ಕೊಯ್ಲು. ಬುಡದಿಂದ ಎರಡು ಇಂಚು ಬಿಟ್ಟು ಹೊರಗಿನ ಎಲೆಗಳನ್ನು ಕೊಯ್ಯಿರಿ, ನಡುವಿನ ಸುಳಿ ಮುಟ್ಟಬೇಡಿ. ಸುಳಿ ಹೋದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಕೊಯ್ದ ಮರುದಿನ ಕಡಲೆಕಾಯಿ ಹಿಂಡಿ ನೀರು ಕೊಡಿ: ಲೀಟರ್‌ಗೆ 50 ಗ್ರಾಂ ಹಿಂಡಿ ಎರಡು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಸೇರಿಸಿ. ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ಕೊಯ್ಲು, ಹೀಗೆ ನಾಲ್ಕು ಸಲವಾದರೂ ಸಿಗುತ್ತದೆ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಕಟ್ಟಿ. ಎಲೆ ಚೂಪಾಗಿ, ನಡುವಿನಿಂದ ದಂಟು ಮೇಲೇರಿತೆಂದರೆ ಗಿಡ ಹೂವಿಗೆ ಹೊರಟಿದೆ, ಸೊಪ್ಪು ಕಹಿಯಾಗುತ್ತದೆ. ಅಷ್ಟರಲ್ಲಿ ಪಕ್ಕದ ಚೀಲದಲ್ಲಿ ಹೊಸ ಬೀಜ ಮೊಳೆತಿರಲಿ.