ತೋಟದ ಆಫೀಸಿನ ಕಂಪ್ಯೂಟರ್‌ಗೆ ಬೀಗ ಹಾಕುವುದು ಹೇಗೆ?

ಮೂಡಿಗೆರೆ ಕಡೆಯ ಒಂದು ತೋಟ. ಚೆಕ್‌ರೋಲ್ (ಆಳುಗಳ ಹಾಜರಿ), ಬಟವಾಡೆ ಲೆಕ್ಕ, ಕಾಫಿ ಮಾರಿದ ಬಿಲ್ಲು ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ. ಪಾಸ್‌ವರ್ಡ್ ಇದೆ ಎಂಬ ಧೈರ್ಯ. ರಜೆಗೆ ಬಂದ ತಮ್ಮನ ಮಗ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಉಬುಂಟು (ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆ) ಶುರು ಮಾಡಿದ. ಹತ್ತು ನಿಮಿಷದಲ್ಲಿ ಲೆಕ್ಕದ ಫೈಲುಗಳೆಲ್ಲ ಪರದೆ ಮೇಲೆ. "ದೊಡ್ಡಪ್ಪ, ನೋಡಿ, ಪಾಸ್‌ವರ್ಡ್ ಕೇಳ್ಲೇ ಇಲ್ಲ!"

ಕೇಳುವುದಿಲ್ಲ. ವಿಂಡೋಸ್ ಪಾಸ್‌ವರ್ಡ್ ಕಾಯುವುದು ವಿಂಡೋಸನ್ನು ಮಾತ್ರ, ಡಿಸ್ಕನ್ನಲ್ಲ.

ಮೊದಲು ಸುಲಭದ ಕೆಲಸ. ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ. ಲೆಕ್ಕ ಬರೆಯುವ ರೈಟರಿಗೆ, ಮಕ್ಕಳಿಗೆ ಬೇರೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ. ಅಡ್ಮಿನ್ (ಎಲ್ಲವನ್ನೂ ಬದಲಿಸಬಲ್ಲ ಅಕೌಂಟ್) ನಿಮ್ಮದೊಂದೇ ಇರಲಿ. ಪಾಸ್‌ವರ್ಡ್ ಬರೆದ ಚೀಟಿಯನ್ನು ಕೀಬೋರ್ಡ್ ಕೆಳಗಿಂದ ಈಗಲೇ ತೆಗೆಯಿರಿ.

ಎರಡನೆಯದು ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲೇ ಏಳುವ, ಕಂಪ್ಯೂಟರಿನ ಮೂಲ ಸೆಟಿಂಗ್ಸ್ ಇರುವ ಜಾಗ. ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಒಳಗೆ ಹೋಗಿ. ಅಡ್ಮಿನ್ ಪಾಸ್‌ವರ್ಡ್ ಇಡಿ, ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದ) ಬೂಟ್, ಅಂದರೆ ಶುರು, ಆಗುವುದನ್ನು ನಿಲ್ಲಿಸಿ. ಆದರೆ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ ತೆಗೆದು ಹಾಕಿದರೆ ಈ ಪಾಸ್‌ವರ್ಡ್ ಹಾರಿಹೋಗುತ್ತದೆ. ಡಿಸ್ಕನ್ನೇ ಬಿಚ್ಚಿ ಒಯ್ದರಂತೂ ಬಯಾಸ್ ಏನೂ ಮಾಡಲಾರದು.

ಹಾಗಾಗಿ ಅಸಲಿ ಕೆಲಸ ಮೂರನೆಯದು, ಡಿಸ್ಕ್ ಎನ್‌ಕ್ರಿಪ್ಶನ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕಿನಲ್ಲಿರುವುದನ್ನೆಲ್ಲ ಗುಪ್ತಲಿಪಿ ಮಾಡುವುದು. ಜನ ಎಡವುವುದೂ ಇಲ್ಲೇ. ವಿಂಡೋಸ್ ಪ್ರೊ ಇದ್ದರೆ ಈ ಕೆಲಸಕ್ಕೆ ಅದರಲ್ಲೇ ಬಿಟ್‌ಲಾಕರ್ ಇರುತ್ತದೆ. ಹೋಮ್ ಆದರೆ ಸೆಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' ಇದೆಯಾ ನೋಡಿ. ಬಯಾಸ್ ಕೆಲಸ ಮುಗಿಸಿದ ಮೇಲೇ ಇದಕ್ಕೆ ಕೈ ಹಾಕಿ. ಮೊದಲೇ ಬಿಟ್‌ಲಾಕರ್ ಆನ್ ಮಾಡಿ, ಆಮೇಲೆ ಬಯಾಸ್ ಕೆದಕಿದರೆ ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ (ಬಿಟ್‌ಲಾಕರ್ ಆನ್ ಮಾಡುವಾಗ ಅದೇ ಕೊಡುವ ತುರ್ತು ಕೀ) ಕೇಳಬಹುದು. ಈಗಾಗಲೇ ಆನ್ ಇದ್ದರೆ 'ಸಸ್ಪೆಂಡ್' ಒತ್ತಿ ನಂತರ ಬಯಾಸಿಗೆ ಹೋಗಿ.

ಆ 48 ಅಂಕಿ ಕಳೆದುಕೊಂಡರೆ ಮೈಕ್ರೋಸಾಫ್ಟಿನವರೂ ಹೊಸದು ಮಾಡಿಕೊಡಲಾರರು. ಡಿಸ್ಕ್ ಆಮೇಲೆ ಬರೀ ಕಲ್ಲು. ಆದರೂ ಜನ ಅದನ್ನು ಡಿ ಡ್ರೈವ್‌ನಲ್ಲಿ ಉಳಿಸುತ್ತಾರೆ! ಡಿ ಡ್ರೈವ್‌ಗೂ ಎನ್‌ಕ್ರಿಪ್ಶನ್ ಇದ್ದರೆ, ಬೀರುವಿನ ಕೀ ಬೀರುವಿನೊಳಗೆ. ಇಲ್ಲದಿದ್ದರೆ, ಬೀಗ ಹಾಕಿ ಕೀಯನ್ನು ಚಿಲಕಕ್ಕೇ ನೇತು ಹಾಕಿದ ಹಾಗೆ. ಲ್ಯಾಪ್‌ಟಾಪ್ ಬ್ಯಾಗಿನ ಪೆನ್‌ಡ್ರೈವೂ ಅಷ್ಟೇ. ನನ್ನ ಮಟ್ಟಿಗೆ ಕಾಗದವೇ ಸರಿ. ಎರಡು ಪ್ರಿಂಟ್ ತೆಗೆಯಿರಿ, ಒಂದು ಬ್ಯಾಂಕ್ ಲಾಕರಿಗೆ, ಒಂದು ಜಮೀನಿನ ಪತ್ರಗಳ ಜೊತೆಗೆ. ಮಲೆನಾಡಿನ ಮಳೆಗಾಲ ಅಲ್ವಾ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ. ಎರಡು ಕಂಪ್ಯೂಟರ್ ಇದ್ದರೆ ಕೀ ಐಡಿಯೂ (ಆ ಕೀಯ ಗುರುತಿನ ಸಂಖ್ಯೆ) ಆ ಹಾಳೆಯಲ್ಲಿರಲಿ, ಯಾವುದು ಯಾವುದರದ್ದೆಂದು ಪರದಾಡುವುದು ತಪ್ಪುತ್ತದೆ.

ಪ್ರಿಂಟರ್ ಇಲ್ಲದೆ ಕೈಯಲ್ಲಿ ಬರೆದುಕೊಂಡಿರಾ? ಪರೀಕ್ಷಿಸಲು ಒಂದು ಉಪಾಯವಿದೆ. ಕೀ 6 ಅಂಕಿಯ 8 ಗುಂಪುಗಳಾಗಿ ಇರುತ್ತದೆ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ನೋಡಿ. ದಶಾಂಶ ಬಂದರೆ ಯಾವುದೋ ಅಂಕಿ ತಪ್ಪಿ ಬರೆದಿದ್ದೀರಿ.

ಕೀ ಉಳಿಸಿದ ಮೇಲೆ ಬಿಟ್‌ಲಾಕರ್ ಎರಡು ಆಯ್ಕೆ ಕೊಡುತ್ತದೆ: ಬಳಸಿದ ಜಾಗ ಮಾತ್ರ, ಇಲ್ಲವೇ ಇಡೀ ಡ್ರೈವ್. ಹಳೆಯ ಕಂಪ್ಯೂಟರ್ ಆದರೆ 'ಇಡೀ ಡ್ರೈವ್' ಆರಿಸಿ, ಅಳಿಸಿದ ಫೈಲುಗಳ ಚೂರುಗಳೂ ಮುಚ್ಚಿಹೋಗುತ್ತವೆ. ಜಾಸ್ತಿ ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಆದರೂ ಚಾರ್ಜರ್ ಹಾಕಿಯೇ ಶುರು ಮಾಡಿ. ಸಿ ಮುಗಿದ ಮೇಲೆ ಡಿ ಡ್ರೈವನ್ನು ಮರೆಯಬೇಡಿ.

ಫೋಲ್ಡರ್‌ಗೆ ಬೀಗ ಹಾಕುತ್ತೇವೆನ್ನುವ ಪುಕ್ಕಟೆ ಸಾಫ್ಟ್‌ವೇರ್ ಬೇಡ. ಎಷ್ಟೋ ಅಂಥವು ಫೋಲ್ಡರನ್ನು ಸುಮ್ನೆ ಅಡಗಿಸಿಡುತ್ತವೆ, ಆ ಹುಡುಗನ ಪೆನ್‌ಡ್ರೈವ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಡೆಸ್ಕ್‌ಟಾಪ್ ಇದ್ದವರು ತಿಂಗಳಿಗೊಮ್ಮೆ ಸಿಪಿಯು ಹಿಂದೆ ಬಗ್ಗಿ ನೋಡಿ. ಕೀಬೋರ್ಡ್ ವೈರಿಗೂ ಸಿಪಿಯುಗೂ ನಡುವೆ ಬೆರಳುದ್ದದ ಸಾಧನವೊಂದು ಸಿಕ್ಕಿಸಿದ್ದರೆ ಅದು ನೀವು ಒತ್ತಿದ್ದನ್ನೆಲ್ಲ ಬರೆದಿಡುವ ಕೀಲಾಗರ್ ಇರಬಹುದು. ಕಿತ್ತು ತೆಗೆಯಿರಿ, ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ.