ದೂರದ ಊರಿಗೆ ವಿಮಾನ: ಕಿಲೋಮೀಟರ್, ಗಂಟೆ ಲೆಕ್ಕ ಹಾಕೋದು ಹೇಗೆ?

ಟೋಕಿಯೊದಲ್ಲಿ ಮಂಗಳವಾರ ಸಂಜೆ 5ಕ್ಕೆ ವಿಮಾನ ಹತ್ತಿ, ಅದೇ ಮಂಗಳವಾರ ಬೆಳಿಗ್ಗೆ 10ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಇಳಿಯಬಹುದು. ಟಿಕೆಟ್ಟಿನಲ್ಲಿ ಇದನ್ನು ನೋಡಿ ಏನೋ ತಪ್ಪು ಅಚ್ಚಾಗಿದೆ ಅಂದುಕೊಳ್ಳುವವರೇ ಜಾಸ್ತಿ. ತಪ್ಪೇನೂ ಇಲ್ಲ, ಲೆಕ್ಕ ಹಾಕುವ ಕ್ರಮ ಗೊತ್ತಿರಬೇಕು ಅಷ್ಟೇ.

1. ಊರಿನ ಹೆಸರು ನಂಬಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ಹಾಕಿಯೇ ಹುಡುಕಿ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಮೊದಲನೆಯದು ಎಸ್‌ಜೆಸಿ, ಎರಡನೆಯದು ಎಸ್‌ಜೆಒ.

2. ದೂರ ನೋಡಿ. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ದಂಡ. ಗ್ಲೋಬ್ ಇದ್ದರೆ ಎರಡು ಊರಿನ ಮಧ್ಯೆ ದಾರ ಎಳೆದು ನೋಡಿ, ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೊರಟ ದಾರ ಉತ್ತರಕ್ಕೆ ಬಾಗಿ ಹೋಗುತ್ತದೆ. ಅದೇ ಹತ್ತಿರದ ದಾರಿ, ಸುಮಾರು 8,800 ಕಿ.ಮೀ.

3. ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ ಅಂತ ಹಿಡಿದು ದೂರವನ್ನು 900ರಿಂದ ಭಾಗಿಸಿ, ಏರೋದು ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ. ಹತ್ತು ಗಂಟೆ ಚಿಲ್ಲರೆ ಬರುತ್ತದೆ. ಆದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತದೆ, ಹಾಗಾಗಿ ವಾಪಸ್ ಬರುವಾಗ ಸುಮಾರು 12 ಗಂಟೆ ಹಿಡಿಯುತ್ತದೆ. ಹೋಗೋದಕ್ಕೂ ಬರೋದಕ್ಕೂ ಒಂದೇ ಸಮಯ ತೋರಿಸುವ ವೆಬ್‌ಸೈಟುಗಳನ್ನು ನಾನಂತೂ ಬಳಸುವುದಿಲ್ಲ. ಸೂತ್ರವೂ ಕೆಲವು ಕಡೆ ಕೈಕೊಡುತ್ತದೆ. ಲಂಡನ್–ಟೋಕಿಯೊ 9,600 ಕಿ.ಮೀ., ಹನ್ನೊಂದು ಗಂಟೆ ಸಾಕು ಅನಿಸುತ್ತದೆ. 2022ರಿಂದ ಬ್ರಿಟನ್, ಜಪಾನ್ ವಿಮಾನಗಳು ರಷ್ಯಾದ ಮೇಲೆ ಹಾರದೆ ಸುತ್ತಿ ಹೋಗುತ್ತಿವೆ, 13–14 ಗಂಟೆ ಆಗುತ್ತದೆ.

4. ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಇವೆರಡನ್ನು ನೇರವಾಗಿ ಕಳೆಯಲೇಬೇಡಿ. ಎರಡನ್ನೂ ಯುಟಿಸಿಗೆ, ಅಂದರೆ ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಜಾಗತಿಕ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಆದ್ದರಿಂದ ಸಂಜೆ 5 ಅಂದರೆ ಯುಟಿಸಿ ಬೆಳಿಗ್ಗೆ 8. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ಅಲ್ಲಿನ ಬೆಳಿಗ್ಗೆ 10 ಅಂದರೆ ಯುಟಿಸಿ ಸಂಜೆ 6. ಮಧ್ಯೆ ಇರುವುದು 10 ಗಂಟೆ, ಸರಿಹೋಯಿತಲ್ವಾ? ವಾಪಸ್ ಬುಧವಾರ ಬೆಳಿಗ್ಗೆ 11ಕ್ಕೆ ಹೊರಟರೆ ಟೋಕಿಯೊ ತಲುಪುವುದು ಗುರುವಾರ ಸಂಜೆ 4ಕ್ಕೆ. ಸುಮ್ನೆ ಕಳೆದರೆ 29 ಗಂಟೆ ಬರುತ್ತದೆ, ಹಾರಿದ್ದು 12 ಮಾತ್ರ. ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಅಂತ ಇರುತ್ತದೆ, ಅದು ಮರುದಿನ ಅನ್ನುವ ಗುರುತು. ಅದನ್ನು ನೋಡದೆ ಹೋಟೆಲ್ ಬುಕ್ ಮಾಡಿದವರು ಒಂದು ರಾತ್ರಿಯ ದುಡ್ಡು ಕಳೆದುಕೊಳ್ಳುತ್ತಾರೆ.

ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ಮಾಡುವ ದೇಶಗಳಲ್ಲಿ ಇನ್ನೊಂದು ತಲೆನೋವು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಬದಲಿಸುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಆ ನಡುವೆ ಲಂಡನ್–ನ್ಯೂಯಾರ್ಕ್ ವ್ಯತ್ಯಾಸ 5 ಗಂಟೆ ಬದಲು 4. ಬಾಯಿಪಾಠ ಮಾಡಿಕೊಂಡ ವ್ಯತ್ಯಾಸ ಬಿಟ್ಟು, ಪ್ರಯಾಣದ ತಾರೀಖು ಹಾಕಿ ನೋಡಿ.

5. ನಡುವೆ ವಿಮಾನ ಬದಲಿಸುವುದಿದ್ದರೆ ಮೊದಲ ಹೊರಡುವಿಕೆ, ಕೊನೆಯ ಇಳಿಯುವಿಕೆ ಎರಡನ್ನೇ ಹಿಡಿಯಿರಿ. ಕಾಯುವ ಸಮಯ ತಾನಾಗಿ ಸೇರಿಕೊಳ್ಳುತ್ತದೆ. ‘ಡೈರೆಕ್ಟ್’ ಅಂತ ಬರೆದಿದ್ದರೂ ದಾರಿಯಲ್ಲಿ ಒಂದು ಕಡೆ ಇಳಿದು ಹೋಗುವ ವಿಮಾನಗಳಿವೆ, ಎಲ್ಲೂ ನಿಲ್ಲಬಾರದು ಅಂದರೆ ‘ನಾನ್‌ಸ್ಟಾಪ್’ ಆಯ್ಕೆಯನ್ನೇ ಒತ್ತಿ.